ಕೂಸಿನ ಉಸಿರಿಗೆ ಒಂದು ನಿಮಿಷ

ಕಾಯಿಲೆಬಿದ್ದ ಮಗು ತನಗೇನಾಗಿದೆ ಎಂದು ಹೇಳಲಾರದು. ಅದರ ಪರವಾಗಿ ಮೊದಲು ಹೇಳುವವಳು ತಾಯಿ, ಮೊದಲು ಕೇಳಿಸಿಕೊಳ್ಳುವವಳು ನರ್ಸ್. ಚಳ್ಳಕೆರೆ–ಮೊಳಕಾಲ್ಮುರು ಸೀಮೆಯಲ್ಲಿ ಈ ಇಬ್ಬರ ನಡುವಿನ ಮಾತು ಹೇಗೆ ಜೀವ ಉಳಿಸುತ್ತದೆ?

ಶ್ರಾವಣ ಕಳೆದ ಮೇಲಿನ ಮಂಗಳವಾರ ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರಕ್ಕೆ ಹೋಗುವ ದಾರಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸುತ್ತಲ ಜಿಲ್ಲೆಗಳವರಷ್ಟೇ ಅಲ್ಲದೆ ಗಡಿಯಾಚೆ ಆಂಧ್ರದವರೂ ಟ್ರ್ಯಾಕ್ಟರ್, ಟೆಂಪೊ ಏರಿ ಮಾರಮ್ಮನ ಜಾತ್ರೆಗೆ ಬರುತ್ತಾರೆ. ದೇವಿಗೆ ಈರುಳ್ಳಿ ತೂರುತ್ತಾರೆ, ಕೋಳಿ ತೂರುತ್ತಾರೆ, ಬೇವಿನ ಸೊಪ್ಪು ಹಿಡಿದು ಹರಕೆ ತೀರಿಸುತ್ತಾರೆ. ಮಕ್ಕಳ ಹೆಸರಿನ ಹರಕೆಗೂ ಅಲ್ಲಿ ಕೊರತೆಯಿಲ್ಲ.

ಊರಿಗೆ ‘ಅಮ್ಮ’ ಬಂದರೆ ಮಾರಮ್ಮನ ಮೊರೆ ಹೋಗುವುದು ಬಯಲುಸೀಮೆಯ ಹಳೆಯ ರೂಢಿ. ಸಿಡುಬು ಮನೆಮನೆಯ ಮಕ್ಕಳನ್ನು ಒಯ್ಯುತ್ತಿದ್ದ ಕಾಲದಲ್ಲಿ ತಾಯಂದಿರ ಕೈಯಲ್ಲಿ ಬೇವು, ಮಡಿ, ಹರಕೆ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ. 1980ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಸಿಡುಬು ಹೋದರೂ ದಡಾರ, ಸೀತಾಳೆ ಇಂದಿಗೂ ಅನೇಕ ಮನೆಗಳಲ್ಲಿ ಅಮ್ಮನ ಹೆಸರಿನಲ್ಲೇ ಬರುತ್ತವೆ, ಅಮ್ಮನ ಹೆಸರಿನಲ್ಲೇ ಹೋಗುತ್ತವೆ.

ಬಾಗಿಲಿಗೆ ಬೇವು ಕಟ್ಟಿದ ಮನೆಗೆ ಹೊರಗಿನವರು ಕಾಲಿಡುವುದಿಲ್ಲ. ಮಗುವನ್ನು ಬೇರೆ ಮಕ್ಕಳ ಜೊತೆ ಆಡಲು ಬಿಡುವುದಿಲ್ಲ. ಅಂಟುರೋಗದಲ್ಲಿ ಇದು ಒಳ್ಳೆಯದೇ. ತೊಂದರೆ ಶುರುವಾಗುವುದು ಮಗುವನ್ನು ಆಸ್ಪತ್ರೆಗೂ ಒಯ್ಯಬಾರದು ಎಂದಾಗ. ದಡಾರದ ಮಗುವಿನ ಜೀವ ತೆಗೆಯುವುದು ಸಾಮಾನ್ಯವಾಗಿ ಅದರ ಬೆನ್ನಿಗೇ ಬರುವ ನ್ಯುಮೋನಿಯಾ, ಭೇದಿ. ಕಣ್ಣಿಗೆ ಕುತ್ತು ತರುವುದು ವಿಟಮಿನ್ ‘ಎ’ ಕೊರತೆ. ಒಂದು ವರ್ಷ ದಾಟಿದ ಮಗುವಿಗೆ 2 ಲಕ್ಷ ಯೂನಿಟ್, ಆರು ತಿಂಗಳಿಂದ ಒಂದು ವರ್ಷದೊಳಗಿನ ಕೂಸಿಗೆ 1 ಲಕ್ಷ ಯೂನಿಟ್‌ನಂತೆ ಎರಡು ದಿನ ಸತತವಾಗಿ ವಿಟಮಿನ್ ‘ಎ’ ಕೊಟ್ಟರೆ ಅಪಾಯ ಬಹಳ ಮಟ್ಟಿಗೆ ತಗ್ಗುತ್ತದೆ. 2017ರ ಫೆಬ್ರುವರಿಯಲ್ಲಿ ದೇಶದ ದಡಾರ–ರುಬೆಲ್ಲಾ ಲಸಿಕಾ ಅಭಿಯಾನ ಶುರುವಾದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಈಗ 9 ತಿಂಗಳು ತುಂಬಿದಾಗ ಒಂದು, ಒಂದೂವರೆ ವರ್ಷದ ಆಸುಪಾಸಿನಲ್ಲಿ ಇನ್ನೊಂದು ಡೋಸ್ ಕೊಡುತ್ತಾರೆ.

ಈ ಸೀಮೆಯಲ್ಲಿ ಕೆಲಸ ಮಾಡಿದ ಅನುಭವಿ ನರ್ಸ್ ಅಮ್ಮನ ವಿಷಯದಲ್ಲಿ ಜಗಳಕ್ಕೆ ಇಳಿಯುವುದಿಲ್ಲ. ‘ಪೂಜೆ ಮಾಡಮ್ಮ, ಬೇಡ ಅನ್ನಲ್ಲ. ಕೂಸು ಎಷ್ಟು ಸಲ ಹಾಲು ಕುಡೀತು, ಅದು ಹೇಳು’ ಎಂದು ಕೇಳುತ್ತಾಳೆ. ಅವಳಿಗೆ ಬೇಕಾದದ್ದು ಆ ಉತ್ತರ.

ಮುಟ್ಟುವ ಮೊದಲು

ದೊಡ್ಡವರನ್ನು ಪರೀಕ್ಷಿಸುವಾಗ ತಲೆಯಿಂದ ಪಾದದವರೆಗೆ ಕ್ರಮವಾಗಿ ಹೋಗಬಹುದು. ಒಂದೂವರೆ ವರ್ಷದ ಮಗುವಿನ ಹತ್ತಿರ ಆ ಕ್ರಮ ನಡೆಯುವುದಿಲ್ಲ. ಬಿಳಿ ಬಟ್ಟೆಯವರು ಹತ್ತಿರ ಬಂದರೆ ಸಾಕು, ಮಗು ಕಿರುಚುತ್ತದೆ. ಕಿರುಚಿದ ಮಗುವಿನ ಉಸಿರನ್ನು ಎಣಿಸಿ ಪ್ರಯೋಜನವಿಲ್ಲ, ನಾಡಿಯೂ ಸುಳ್ಳು ಹೇಳುತ್ತದೆ. ಆದ್ದರಿಂದ ಮಕ್ಕಳ ಶುಶ್ರೂಷೆಯಲ್ಲಿ ಪಳಗಿದವರು ಮೂರು ಹೆಜ್ಜೆ ದೂರದಲ್ಲೇ ನಿಲ್ಲುತ್ತಾರೆ. ಮಗು ತಾಯಿಯ ತೊಡೆಯ ಮೇಲೆಯೇ ಇರುತ್ತದೆ. ಅತ್ತ ತಾಯಿಯನ್ನು ಮಾತಿಗೆ ಎಳೆದು ಇತ್ತ ಕಣ್ಣಲ್ಲೇ ಮೂರು ವಿಷಯ ಅಳೆಯುತ್ತಾರೆ. ಮಗು ಹೇಗೆ ಕಾಣುತ್ತಿದೆ, ಉಸಿರಾಡಲು ಎಷ್ಟು ಕಷ್ಟಪಡುತ್ತಿದೆ, ಚರ್ಮದ ಬಣ್ಣ ಹೇಗಿದೆ. ಜಗತ್ತಿನ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ‘ಮಕ್ಕಳ ತಪಾಸಣಾ ತ್ರಿಕೋನ’ವೆಂದು ಕಲಿಸುವುದು ಇದನ್ನೇ. ಅರ್ಧ ನಿಮಿಷದಲ್ಲಿ ಮುಗಿಯುವ ಈ ನೋಟಕ್ಕೆ ಯಾವ ಯಂತ್ರವೂ ಬೇಡ.

ಅತ್ತಿತ್ತ ನೋಡುವ, ಕೊಟ್ಟ ಗಿಲಕಿಗೆ ಕೈ ಚಾಚುವ, ಎತ್ತಿಕೊಂಡರೆ ಅಳು ನಿಲ್ಲಿಸುವ ಮಗುವಿನ ಬಗ್ಗೆ ಸ್ವಲ್ಪ ನೆಮ್ಮದಿಯಿಂದ ಇರಬಹುದು. ಸೂಜಿ ಕಂಡರೂ ಅಳದ, ತಾಯಿಯ ಹೆಗಲ ಮೇಲೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದ ಮಗುವನ್ನು ಕಂಡರೆ ಅನುಭವಿ ನರ್ಸ್ ಓಡುತ್ತಾಳೆ. ಹೊರರೋಗಿ ವಿಭಾಗದ ಸಾಲಿನಲ್ಲಿ ಜೋರಾಗಿ ಅಳುವ ಮಕ್ಕಳಿಗೆ ಜನ ದಾರಿ ಬಿಡುತ್ತಾರೆ. ನಿಜವಾಗಿ ಮುಂದೆ ಬರಬೇಕಾದದ್ದು ಸದ್ದಿಲ್ಲದೆ ಮಲಗಿದ ಮಗು.

ನಂತರದ್ದು ಉಸಿರಿನ ಎಣಿಕೆ. ಮಗು ಶಾಂತವಾಗಿರಬೇಕು, ಹಾಲು ಕುಡಿಯುತ್ತಿರಬಾರದು. ತಾಯಿಯೇ ಅಂಗಿಯನ್ನು ಎದೆಯ ಮೇಲಕ್ಕೆ ಎತ್ತುತ್ತಾಳೆ. ನರ್ಸ್ ಮಗುವಿನ ಕಣ್ಣಿನ ಮಟ್ಟಕ್ಕೆ ಕೂತು ಹೊಟ್ಟೆ–ಎದೆ ಒಮ್ಮೆ ಏರಿ ಇಳಿದದ್ದನ್ನು ಒಂದು ಎಂದು ಲೆಕ್ಕ ಹಿಡಿಯುತ್ತಾಳೆ. ಕಣ್ಣು ಎದೆಯ ಮೇಲಿರಬೇಕು, ಗಡಿಯಾರದ ಮುಳ್ಳಿನ ಮೇಲೂ ಇರಬೇಕು. ಅದಕ್ಕೇ ನ್ಯುಮೋನಿಯಾ ಕಾರ್ಯಕ್ರಮಗಳಲ್ಲಿ ಸದ್ದು ಮಾಡುವ ಪುಟ್ಟ ಟೈಮರ್ ಕೊಡುತ್ತಾರೆ. ಈಗ ಮೊಬೈಲೇ ಆ ಕೆಲಸ ಮಾಡೀತು. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವ ಅಡ್ಡದಾರಿ ಇಲ್ಲಿ ನಡೆಯದು. ಕೂಸಿನ ಉಸಿರು ಸಮನಾಗಿರುವುದಿಲ್ಲ, ನಡುವೆ ಒಂದು ಕ್ಷಣ ನಿಂತು ಮತ್ತೆ ಓಡುತ್ತದೆ. ಪೂರ್ತಿ 60 ಸೆಕೆಂಡ್ ಕೂರಲೇಬೇಕು.

ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಒಂದು ವರ್ಷದೊಳಗಿನದ್ದಕ್ಕೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ಕೆಮ್ಮಿನ ಜೊತೆ ಇದಿದ್ದರೆ ನ್ಯುಮೋನಿಯಾ ಎಂದು ಹಿಡಿದು ಚಿಕಿತ್ಸೆ ಶುರುಮಾಡಬೇಕು. ಉಸಿರು ಒಳಗೆ ಎಳೆದಾಗ ಪಕ್ಕೆಯ ಕೆಳಭಾಗ ಗುಳಿ ಬಿದ್ದರೆ ಇನ್ನಷ್ಟು ಎಚ್ಚರ. ಎಕ್ಸ್‌ರೇ ಇಲ್ಲದ ಉಪಕೇಂದ್ರದಲ್ಲೂ ಇದನ್ನು ಗುರುತಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ರೂಪಿಸಿದ ಈ ಕ್ರಮವನ್ನು ಭಾರತ ನವಜಾತ ಶಿಶುಗಳಿಗೂ ಹಿಗ್ಗಿಸಿ ಐಎಂಎನ್‌ಸಿಐ ಎಂಬ ಹೆಸರಿನಲ್ಲಿ ನರ್ಸ್‌ಗಳಿಗೆ, ಆರೋಗ್ಯ ಸಹಾಯಕಿಯರಿಗೆ ಕಲಿಸುತ್ತಾ ಬಂದಿದೆ.

ಇಷ್ಟೆಲ್ಲ ಹೇಳಿದ ಮೇಲೆ ಹಟ್ಟಿಯ ಅಜ್ಜಿಯ ಮಾತಿಗೂ ಕಿವಿಗೊಡಬೇಕು. ‘ಕೂಸಿಗೆ ಪಕ್ಕೆ ಸೆಳೀತೈತೆ’ ಎಂದು ಅವಳು ಹೇಳುತ್ತಾಳೆ. ‘ನೆತ್ತಿ ಗುಳಿ ಬಿದ್ದೈತೆ’, ‘ಸಪ್ಪಗೈತೆ, ಮೊಲೆ ಹಿಡೀವಲ್ದು’ ಎನ್ನುತ್ತಾಳೆ. ಇವೆಲ್ಲ ಪಠ್ಯಪುಸ್ತಕದ ಅಪಾಯದ ಲಕ್ಷಣಗಳೇ. ಅವಳ ಕಣ್ಣು ಸರಿಯಾಗಿಯೇ ಕಂಡಿದೆ. ಅಲ್ಲಿಂದ ಮುಂದಿನ ಹೆಜ್ಜೆಯೇ ಎಷ್ಟೋ ಸಲ ದಾರಿ ತಪ್ಪುವುದು. ಪಕ್ಕೆ ಸೆಳೆತಕ್ಕೆ ಬಿಸಿ ಮುಟ್ಟಿಸಿ ಬರೆ ಹಾಕುವುದು, ನೆತ್ತಿಗೆ ಎಣ್ಣೆ ಒತ್ತುವುದು, ಭೇದಿಗೆ ‘ಹಲ್ಲು ಬರ್ತಾ ಐತೆ’ ಎಂದು ಸುಮ್ಮನಿರುವುದು. ಬರೆಯಿಂದ ಉಸಿರು ಸರಿಯಾಗದು, ಸುಟ್ಟ ಗಾಯವೊಂದು ಹೆಚ್ಚಾಗುತ್ತದೆ. ಆಸ್ಪತ್ರೆಗೆ ಬಂದಾಗ ಆ ಬರೆ ಕಂಡು ತಾಯಿಯನ್ನು ಗದರಿದರೆ ಮುಂದಿನ ಸಲ ಅವಳು ಬರುವುದೇ ಇಲ್ಲ. ಗಾಯಕ್ಕೆ ಮದ್ದು ಹಾಕಿ, ‘ಪಕ್ಕೆ ಸೆಳೆಯೋದನ್ನ ಸರಿಯಾಗಿ ಗುರುತಿಸಿದ್ದೀಯ. ಇನ್ನು ಮೇಲೆ ಹಂಗೆ ಕಂಡರೆ ಅವತ್ತೇ ಬಾ’ ಎಂದು ಹೇಳುವ ನರ್ಸ್‌ನ ಮಾತು ಹಟ್ಟಿಯವರೆಗೂ ತಲುಪುತ್ತದೆ.

ತಕ್ಕಡಿಯ ಲೆಕ್ಕ

ದೊಡ್ಡವರಿಗೆ ಒಂದು ಮಾತ್ರೆ ಎಂದರೆ ಒಂದು ಮಾತ್ರೆ. ಮಕ್ಕಳ ಔಷಧಿ ತೂಕದ ಮೇಲೆ ನಿಂತಿದೆ. ಆದ್ದರಿಂದ ಮಕ್ಕಳ ವಾರ್ಡಿನ ಮುಖ್ಯ ಉಪಕರಣ ತಕ್ಕಡಿ. ಬಟ್ಟೆ ಬಿಚ್ಚಿ, ಮುಳ್ಳು ಸೊನ್ನೆಗೆ ತಂದು ತೂಗಬೇಕು. ಉಡಿದಾರ, ಬೆಳ್ಳಿ ಕಡಗ, ಕಂಬಳಿ ತುಂಡು ಎಲ್ಲ ಸೇರಿ ತೂಗಿದರೆ ಸೊರಗಿದ ಕೂಸೂ ಕಾಗದದ ಮೇಲೆ ದುಂಡಗಾಗುತ್ತದೆ.

ಜ್ವರದ ಪ್ಯಾರಾಸಿಟಮಾಲ್ ಉದಾಹರಣೆಯನ್ನೇ ನೋಡಿ. ಸಾಮಾನ್ಯ ಪ್ರಮಾಣ ಒಂದು ಕೆ.ಜಿ. ತೂಕಕ್ಕೆ 15 ಮಿ.ಗ್ರಾಂ. 10 ಕೆ.ಜಿ. ಮಗುವಿಗೆ 150 ಮಿ.ಗ್ರಾಂ. ಆಯಿತು. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಹನಿಯ ಬಾಟಲಿಯಲ್ಲಿ ಒಂದು ಮಿ.ಲೀ.ಗೆ 100 ಮಿ.ಗ್ರಾಂ. ಇದ್ದರೆ 1.5 ಮಿ.ಲೀ. ಸಾಕು. 5 ಮಿ.ಲೀ.ಗೆ 125 ಮಿ.ಗ್ರಾಂ. ಇರುವ ಸಿರಪ್ ಆದರೆ 6 ಮಿ.ಲೀ. ಬೇಕು. 5 ಮಿ.ಲೀ.ಗೆ 250 ಇರುವುದಾದರೆ 3 ಮಿ.ಲೀ. ಮೂರೂ ಒಂದೇ ಔಷಧಿ, ಮೂರೂ ಪೆಟ್ಟಿಗೆಯ ಮೇಲೆ ಮಗುವಿನ ಚಿತ್ರ. ಹೋದ ವರ್ಷ ಸಿರಪ್ ಕೊಟ್ಟ ಅಂದಾಜಿನಲ್ಲಿ ಈ ವರ್ಷ ಹನಿಯನ್ನು ಚಮಚದಲ್ಲಿ ಅಳೆದು ಕೊಟ್ಟರೆ ಏನಾದೀತು ಎಂದು ಲೆಕ್ಕ ಹಾಕಬಹುದು. ‘ಒಂದು ಮುಚ್ಚಳ ಹಾಕು’ ಎನ್ನುವ ಸಲಹೆ ಅಪಾಯದ್ದು. ಔಷಧಿ ಕೊಡುವಾಗ ತಾಯಿಯ ಎದುರೇ ಅಳತೆಯ ಪಿಚಕಾರಿಯಲ್ಲಿ ಎಳೆದು, ಗೆರೆಗೆ ಪೆನ್ನಿನಿಂದ ಗುರುತು ಹಾಕಿ, ಅವಳ ಕೈಯಲ್ಲೇ ಒಮ್ಮೆ ಎಳೆಸಿ ನೋಡುವುದು ನರ್ಸ್ ಕೆಲಸದ ಭಾಗ.

ಡ್ರಿಪ್ ಹಾಕುವಾಗಲೂ ಲೆಕ್ಕ ತಪ್ಪುವಂತಿಲ್ಲ. ಮಕ್ಕಳಿಗೆಂದೇ ಇರುವ ಮೈಕ್ರೊ ಡ್ರಿಪ್ ಸೆಟ್‌ನಲ್ಲಿ 60 ಹನಿ ಸೇರಿದರೆ ಒಂದು ಮಿ.ಲೀ. ಹಾಗಾಗಿ ಗಂಟೆಗೆ 40 ಮಿ.ಲೀ. ಹೋಗಬೇಕಾದರೆ ನಿಮಿಷಕ್ಕೆ 40 ಹನಿ ಬಿಟ್ಟರಾಯಿತು. ದೊಡ್ಡವರ ಸೆಟ್ ಹಾಕಿ ಅದೇ 40 ಹನಿ ಬಿಟ್ಟರೆ ಮೂರು–ನಾಲ್ಕು ಪಟ್ಟು ನೀರು ಆ ಪುಟ್ಟ ಹೃದಯದ ಮೇಲೆ ಬೀಳುತ್ತದೆ.

ತೂಕದ ಜೊತೆಗೆ ತೋಳಿನ ಸುತ್ತಳತೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಎಡತೋಳಿನ ನಡುಭಾಗಕ್ಕೆ ಬಣ್ಣದ ಪಟ್ಟಿ ಸುತ್ತಿದಾಗ 11.5 ಸೆಂ.ಮೀ.ಗಿಂತ ಕಡಿಮೆ ಬಂದು ಕೆಂಪು ಕಂಡರೆ ಅದು ತೀವ್ರ ಅಪೌಷ್ಟಿಕತೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ಸೊರಗಿದ ಮಗುವಿಗೆ ಸೋಂಕು ತಗುಲಿದರೆ ಜ್ವರವೇ ಬರದಿರಬಹುದು, ಮೈ ತಣ್ಣಗಾಗಬಹುದು. ಥರ್ಮಾಮೀಟರ್ ಸುಮ್ಮನಿದೆ ಎಂದು ಅಂಥ ಮಗುವನ್ನು ಮನೆಗೆ ಕಳಿಸುವಂತಿಲ್ಲ.

ಚಮಚ ಚಮಚ ನೀರು

ಮಳೆ ಕಡಿಮೆಯ ಈ ನೆಲದಲ್ಲಿ ಕುಡಿಯುವ ನೀರೇ ಒಂದು ಚಿಂತೆ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಬಹಳಷ್ಟು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಜೀವಹಾನಿಯೂ ಆಯಿತು. ದೊಡ್ಡವರನ್ನೇ ನೆಲಕ್ಕೆ ಕೆಡಹುವ ಭೇದಿ 7 ಕೆ.ಜಿ. ಕೂಸಿನ ಮೈಯ ನೀರನ್ನು ಅರ್ಧ ದಿನದಲ್ಲಿ ಬಸಿಯಬಲ್ಲದು.

ಎಷ್ಟು ಬಸಿದಿದೆ ಎಂದು ತಿಳಿಯಲು ನರ್ಸ್ ಹೊಟ್ಟೆಯ ಚರ್ಮ ಚಿವುಟಿ ನೋಡುತ್ತಾಳೆ. ಹೊಕ್ಕುಳು ಮತ್ತು ಪಕ್ಕೆಯ ನಡುವಿನ ಜಾಗದಲ್ಲಿ ಹೆಬ್ಬೆರಳು, ತೋರುಬೆರಳಿನಿಂದ ಚರ್ಮವನ್ನು ಒಂದು ಕ್ಷಣ ಎತ್ತಿ ಹಿಡಿದು ಬಿಡಬೇಕು. ನೀರಿರುವ ಮೈಯಲ್ಲಿ ಅದು ಥಟ್ಟನೆ ಸಮನಾಗುತ್ತದೆ. ಎರಡು ಸೆಕೆಂಡ್ ದಾಟಿಯೂ ಮಡಿಕೆ ನಿಂತಿದ್ದು, ಕಣ್ಣು ಒಳಗೆ ಹೋಗಿದ್ದರೆ ಸ್ಥಿತಿ ಗಂಭೀರ. ನೀರು ಕೊಟ್ಟಾಗ ಲೋಟಕ್ಕೇ ಬಾಯಿ ಹಾಕಿ ಆತುರದಿಂದ ಕುಡಿಯುವ ಮಗುವಿಗೆ ಇನ್ನೂ ಶಕ್ತಿ ಉಳಿದಿದೆ. ಕುಡಿಯಲೂ ಆಗದೆ ಮಲಗಿದ್ದರೆ ರಕ್ತನಾಳಕ್ಕೇ ದ್ರಾವಣ ಹೋಗಬೇಕು.

ಕುಡಿಯಬಲ್ಲ ಮಗುವಿಗೆ ಬಾಯಿಂದ ಕೊಡುವ ಓಆರ್‌ಎಸ್ ದ್ರಾವಣವಿದೆ. ಅದು ಮನೆಯವರ ಕೈಗೆ ಬಂದದ್ದು ಯುದ್ಧದ ಕಷ್ಟದಲ್ಲಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಮುಗಿದಾಗ ಬನಗಾಂವ್‌ನಲ್ಲಿದ್ದ ಡಾ. ದಿಲೀಪ್ ಮಹಲನಬೀಸ್ ಉಪ್ಪು, ಗ್ಲೂಕೋಸ್, ಸೋಡಾದ ದ್ರಾವಣವನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟರು. ಶೇ 30ರಷ್ಟಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಪದ್ಮವಿಭೂಷಣ ಸಂದಿತು.

ಅಂದು ಶಿಬಿರದ ತಾಯಂದಿರು ಮಾಡಿದ್ದನ್ನೇ ಇಂದು ವಾರ್ಡಿನ ಮೂಲೆಯಲ್ಲಿ ಕೂತ ತಾಯಿ ಮಾಡಬೇಕು. ದೊಡ್ಡ ಪೊಟ್ಟಣವಾದರೆ ಒಂದು ಲೀಟರ್ ನೀರಿಗೆ ಪೂರ್ತಿ ಹಾಕಬೇಕು. ಮಗು ಚಿಕ್ಕದೆಂದು ಚಿಟಿಕೆ ಪುಡಿಯನ್ನು ಲೋಟಕ್ಕೆ ಉದುರಿಸುವ ಲೆಕ್ಕ ತಪ್ಪು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿ.ಲೀ., ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ. ಕೊಡಬೇಕು. ಒಂದೆರಡು ನಿಮಿಷಕ್ಕೊಂದು ಚಮಚದಂತೆ ಕೊಡಬೇಕು. ವಾಂತಿಯಾದರೆ 10 ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಮುಂದುವರಿಸಬೇಕು. ಎದೆಹಾಲು, ಗಂಜಿ ನಿಲ್ಲಿಸಬಾರದು. ಆರು ತಿಂಗಳು ದಾಟಿದ ಮಗುವಿಗೆ ಸತು ಮಾತ್ರೆ 20 ಮಿ.ಗ್ರಾಂ.ನಂತೆ 14 ದಿನ. ಭೇದಿ ನಿಂತ ಮೇಲೂ ಅದು ಮುಂದುವರಿಯಬೇಕು ಎಂಬುದನ್ನು ಒತ್ತಿ ಹೇಳದಿದ್ದರೆ ಮೂರನೇ ದಿನಕ್ಕೇ ಮಾತ್ರೆ ಗೂಡು ಸೇರುತ್ತದೆ.

ಹೇಳುವುದು ಸುಲಭ. ಶೇಂಗಾ ಕೀಳುವ ಹಂಗಾಮಿನಲ್ಲಿ ಕೂಲಿ ಬಿಟ್ಟು ಇಡೀ ದಿನ ಚಮಚ ಹಿಡಿದು ಕೂರುವುದು ಕಷ್ಟ. ಕೂಸನ್ನು ಏಳೆಂಟು ವರ್ಷದ ಅಕ್ಕನ ಕಂಕುಳಿಗೆ ಏರಿಸಿ ಹೊಲಕ್ಕೆ ಹೋಗುವ ಮನೆಗಳಿವೆ. ಅಂಥ ಮನೆಯಲ್ಲಿ ಓಆರ್‌ಎಸ್ ಕುಡಿಸುವುದನ್ನು ಆ ಅಕ್ಕನಿಗೂ ಕಲಿಸಬೇಕೆಂದು ಹೊಳೆಯುವುದು ಊರು ಬಲ್ಲ ಆಶಾ ಕಾರ್ಯಕರ್ತೆಗೆ.

ಹಸುಗೂಸಿನ ಬಿಸುಪು

ಹುಟ್ಟಿ ಒಂದು ತಿಂಗಳೂ ಆಗದ ಕೂಸಿನ ಲೆಕ್ಕವೇ ಬೇರೆ. ಅದಕ್ಕೆ ಗಟ್ಟಿಯಾಗಿ ಕೆಮ್ಮಲೂ ಬರುವುದಿಲ್ಲ, ಸೋಂಕಿಗೆ ಜ್ವರ ಬಂದೇ ಬರುತ್ತದೆಂಬ ಖಾತ್ರಿಯೂ ಇಲ್ಲ. ಹಾಲು ಬಿಟ್ಟಿತು, ಮೈ ತಣ್ಣಗಾಯಿತು, ಕೈಕಾಲು ಆಡಿಸುವುದು ಕಡಿಮೆಯಾಯಿತು ಎಂದರೆ ಅಷ್ಟೇ ಸುಳಿವು. ಕಂಕುಳಲ್ಲಿ ಅಳೆದಾಗ 35.5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೂ 37.5 ದಾಟಿದರೂ ತಡಮಾಡುವಂತಿಲ್ಲ.

ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು, ಆಚೆಗೆ ಶಿರಾ, ತುಮಕೂರಿನವರೆಗೆ ಹರಡಿರುವ ಕೆಲವು ಗೊಲ್ಲರಹಟ್ಟಿಗಳಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿ ಮತ್ತು ಕೂಸನ್ನು ಊರಾಚೆಯ ಗುಡಿಸಲಲ್ಲಿ ಇಡುವ ಪದ್ಧತಿ ಪೂರ್ತಿ ಅಳಿದಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಹೊರಗಿಟ್ಟಿದ್ದ ಹಸುಗೂಸು ಮಳೆ–ಚಳಿಗೆ ಸಿಕ್ಕಿ ತೀರಿಕೊಂಡಾಗ ರಾಜ್ಯವೇ ಬೆಚ್ಚಿತು. ಹಟ್ಟಿಗಳೊಳಗಿನಿಂದಲೇ ಇದನ್ನು ಬಿಡಬೇಕೆಂದು ಹೇಳುವ ವಿದ್ಯಾವಂತ ಯುವಕ–ಯುವತಿಯರೂ ಇದ್ದಾರೆ. ಅವರಿಗೆ ಬಲ ಕೊಡುವುದು ಕೂಸಿನ ಮೈಶಾಸ್ತ್ರ. ತೂಕ ಕಡಿಮೆಯ ಶಿಶುವಿಗೆ ಚರ್ಮದಡಿ ಕೊಬ್ಬಿಲ್ಲ, ನಡುಗಿ ಬಿಸಿಮಾಡಿಕೊಳ್ಳಲೂ ಬಾರದು. ತಣ್ಣಗಾದಂತೆ ರಕ್ತದ ಸಕ್ಕರೆ ಇಳಿಯುತ್ತದೆ, ಉಸಿರು ಕುಂದುತ್ತದೆ.

ಇದಕ್ಕೆ ಮದ್ದು ತಾಯಿಯ ಎದೆಯೇ. ಕೂಸಿಗೆ ಟೋಪಿ, ಕಾಲುಚೀಲ, ಚಡ್ಡಿ ಬಿಟ್ಟು ಬೇರೇನೂ ಇಲ್ಲದಂತೆ ತಾಯಿಯ ಎರಡು ಸ್ತನಗಳ ನಡುವೆ ನೆಟ್ಟಗೆ ಮಲಗಿಸಿ, ಇಬ್ಬರನ್ನೂ ಸೇರಿಸಿ ಬಟ್ಟೆ ಕಟ್ಟುವ ಕಾಂಗರೂ ಆರೈಕೆ 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾಯಿತು. ಇನ್‌ಕ್ಯುಬೇಟರ್ ಸಾಲದ ಆಸ್ಪತ್ರೆಯೊಂದು ಕಂಡುಕೊಂಡ ಉಪಾಯ ಅದು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರ್ಕಾರಿ ಆಸ್ಪತ್ರೆಗಳ ನರ್ಸ್‌ಗಳು, ಆಶಾಗಳ ಜೊತೆ ಸೇರಿ ಇದನ್ನು ಜಿಲ್ಲೆಯುದ್ದಕ್ಕೂ ಹಬ್ಬಿಸಿ ತೋರಿಸಿದ್ದಾರೆ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಶುರುಮಾಡಿದಾಗ ಕಡಿಮೆ ತೂಕದ ಶಿಶುಗಳ ಸಾವು ನಾಲ್ಕನೇ ಒಂದರಷ್ಟು ತಗ್ಗಿತು.

ಆಸ್ಪತ್ರೆಯಲ್ಲಿ ಹೆರಿಗೆಯಾದರೂ ಮನೆಗೆ ಬಂದ ಕೂಸನ್ನು ಆಶಾ 3, 7, 14, 21, 28 ಮತ್ತು 42ನೇ ದಿನ ನೋಡಬೇಕು. ಗುಡಿಸಲಲ್ಲಿದ್ದರೆ ಗುಡಿಸಲಿಗೇ ಹೋಗಿ ನೋಡಬೇಕು. ತೂಕ, ಮೈಬಿಸಿ, ಹಾಲು, ಹೊಕ್ಕುಳು. ಪುಟ್ಟ ಚೀಟಿಯಲ್ಲಿ ಬರೆದ ಆ ಆರು ಭೇಟಿಗಳು ಎಷ್ಟೋ ಸಲ ದೊಡ್ಡ ಆಸ್ಪತ್ರೆಯ ದಾರಿಯನ್ನೇ ತಪ್ಪಿಸಿವೆ.

ಮತ್ತೆ ನೋಡುವ ಕೆಲಸ

ಡಾಕ್ಟರು ನೋಡಿ ಔಷಧಿ ಬರೆದರೆ ಚಿಕಿತ್ಸೆ ಆಯಿತು ಎಂದು ನಾವು ತಿಳಿಯುತ್ತೇವೆ. ಮಕ್ಕಳ ವಿಷಯದಲ್ಲಿ ಅದು ಅರ್ಧ ಮಾತ್ರ. ಮಗು ಬೇಗ ಚೇತರಿಸಿಕೊಳ್ಳುತ್ತದೆ, ಅಷ್ಟೇ ಬೇಗ ಕುಸಿಯುತ್ತದೆ. ಬೆಳಿಗ್ಗೆ 10 ಗಂಟೆಗೆ 48 ಇದ್ದ ಉಸಿರು ಮಧ್ಯಾಹ್ನ 64 ಆದರೆ ಆ ಎರಡು ಅಂಕಿಗಳ ನಡುವಿನ ಅಂತರವೇ ಸುದ್ದಿ. ಅದನ್ನು ಹಿಡಿಯಬೇಕಾದವಳು ವಾರ್ಡಿನಲ್ಲೇ ಇರುವ ನರ್ಸ್. ವೇಗವಾಗಿ ಓಡುತ್ತಿದ್ದ ಉಸಿರು ಇದ್ದಕ್ಕಿದ್ದಂತೆ ನಿಧಾನವಾಗಿ, ಮಗು ಮಂಕಾದರೆ ಅದು ಗುಣವಾದ ಗುರುತಲ್ಲ, ದಣಿದು ಸೋಲುತ್ತಿರುವ ಗುರುತು ಎಂಬುದೂ ಸತತವಾಗಿ ನೋಡುತ್ತಿದ್ದವರಿಗಷ್ಟೇ ತಿಳಿಯುತ್ತದೆ.

ಗೌರಸಮುದ್ರದಂಥ ಊರಿಗೆ ಇದು ಇನ್ನೂ ಮುಖ್ಯ. ಇಲ್ಲಿನ ಮಗು ಚಳ್ಳಕೆರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಚಿತ್ರದುರ್ಗಕ್ಕೆ. ಮೊಳಕಾಲ್ಮುರು ಕಡೆಯವರು ಬಳ್ಳಾರಿಯತ್ತ ಮುಖಮಾಡುವುದೂ ಉಂಟು. 2008ರ ನವೆಂಬರ್ 1ರಿಂದ ಓಡುತ್ತಿರುವ 108 ಆಂಬುಲೆನ್ಸ್ ದೂರವನ್ನು ಕಡಿಮೆ ಮಾಡಿದೆ, ಅಳಿಸಿಲ್ಲ. ಕಳಿಸುವ ಮುನ್ನ ಮೊದಲ ಡೋಸ್ ಔಷಧಿ ಕೊಟ್ಟು, ಕೂಸನ್ನು ಬೆಚ್ಚಗೆ ಕಟ್ಟಿ, ದಾರಿಯಲ್ಲಿ ಹಾಲು ಕುಡಿಸಲು ಹೇಳಿ, ಎಷ್ಟು ಗಂಟೆಗೆ ಏನು ಕೊಟ್ಟಿದೆ ಎಂದು ಚೀಟಿಯಲ್ಲಿ ಬರೆದರೆ ಮುಂದಿನ ಆಸ್ಪತ್ರೆ ಮೊದಲಿನಿಂದ ಶುರುಮಾಡಬೇಕಾಗಿಲ್ಲ. ಮನೆಗೆ ಕಳಿಸುವ ಮಗುವಿನ ತಾಯಿಗೆ ನಾಲ್ಕು ಮಾತು ಹೇಳಬೇಕು. ಹಾಲು–ನೀರು ಬಿಟ್ಟರೆ, ಕುಡಿದದ್ದೆಲ್ಲ ಕಕ್ಕಿದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ಹೊತ್ತು ನೋಡದೆ ಬರಬೇಕು. ‘ತಿಳೀತಾ?’ ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ‘ಯಾವಾಗ ಬರ್ತೀಯ, ನೀನೇ ಹೇಳವ್ವ’ ಎಂದು ಕೇಳಿದಾಗಲೇ ತಿಳಿದದ್ದೆಷ್ಟು ಎಂದು ಗೊತ್ತಾಗುವುದು.

ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 2005ರಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 50 ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ರ ಹೊತ್ತಿಗೆ ಅದು 19ಕ್ಕೆ ಇಳಿಯಿತು. ಲಸಿಕೆ, ಆಸ್ಪತ್ರೆ ಹೆರಿಗೆ, ಆಶಾ, ಆಂಬುಲೆನ್ಸ್ ಎಲ್ಲಕ್ಕೂ ಇದರಲ್ಲಿ ಪಾಲಿದೆ. ಇನ್ನೂ ಕೆಳಗಿಳಿಸಬೇಕಾದರೆ ನರ್ಸ್‌ನ ಸಮಯದ ಲೆಕ್ಕ ಹಾಕಲೇಬೇಕು. 20 ಮಕ್ಕಳ ಒಂದು ವಾರ್ಡ್ ಎಂದುಕೊಳ್ಳಿ. ಉಸಿರು ಎಣಿಸಿ, ಮೈಬಿಸಿ ನೋಡಿ, ಹಾಲು–ಮೂತ್ರ ಕೇಳಿ ಬರೆಯಲು ಒಂದು ಮಗುವಿಗೆ 5 ನಿಮಿಷವಾದರೂ ಬೇಕು. ಒಂದು ಸುತ್ತಿಗೆ 100 ನಿಮಿಷ. 8 ಗಂಟೆಯ ಪಾಳಿಯಲ್ಲಿ ಎರಡೇ ಸುತ್ತು ಹಾಕಿದರೂ 200 ನಿಮಿಷ ಅಲ್ಲಿಗೇ ಹೋಯಿತು. ಗಂಭೀರ ಮಕ್ಕಳನ್ನು ಗಂಟೆಗೊಮ್ಮೆ ನೋಡುವುದು, ಇಂಜೆಕ್ಷನ್, ಡ್ರಿಪ್, ಆಮ್ಲಜನಕ, ಹೊಸದಾಗಿ ಬಂದವರು, ರಿಜಿಸ್ಟರುಗಳು, ಪೋರ್ಟಲ್ ಎಲ್ಲವೂ ಉಳಿದ 280 ನಿಮಿಷದಲ್ಲಿ ಮುಗಿಯಬೇಕು. ಪಾಳಿಯಲ್ಲಿ ಒಬ್ಬಳೇ ಇದ್ದರೆ ಮೊದಲು ಬಿಟ್ಟುಹೋಗುವುದು ಯಾರೂ ಲೆಕ್ಕ ಕೇಳದ ಉಸಿರಿನ ಎಣಿಕೆ. ನರ್ಸಿಂಗ್ ಕಾಲೇಜುಗಳ ಸಂಖ್ಯೆಯಲ್ಲಿ ದೇಶದ ಮುಂಚೂಣಿಯಲ್ಲಿರುವ ರಾಜ್ಯ ನಮ್ಮದು, ಇಲ್ಲಿ ಕಲಿತವರು ಕೊಲ್ಲಿ ದೇಶಗಳವರೆಗೆ ಹೋಗಿ ದುಡಿಯುತ್ತಾರೆ. ತಾಲ್ಲೂಕು ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಪ್ರತಿ ಪಾಳಿಯಲ್ಲಿ ಇನ್ನೊಬ್ಬ ನರ್ಸ್ ಬೇಕೆಂದು ಚಳ್ಳಕೆರೆ, ಮೊಳಕಾಲ್ಮುರಿನ ಜನ ತಮ್ಮ ಶಾಸಕರನ್ನು ಕೇಳಿದರೆ ಅದು ಹೊಸ ಕಟ್ಟಡಕ್ಕಿಂತ ಕಡಿಮೆ ಖರ್ಚಿನ, ಹೊಸ ಯಂತ್ರಕ್ಕಿಂತ ಹೆಚ್ಚು ಮಕ್ಕಳನ್ನು ಉಳಿಸುವ ಬೇಡಿಕೆಯಾದೀತು.